ಶಿಕ್ಷಣ ಹಕ್ಕು ಕಾಯ್ದೆ: ಕರ್ನಾಟಕದ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮಗುವಿಗೆ ಹಕ್ಕಿದೆ ಎಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಟಿಸಿ ಇಲ್ಲ, ಆಧಾರ್ ಇಲ್ಲ, ತಡವಾಯಿತು, ದೂರವಾಯಿತು ಎಂದು ಶಾಲೆಯ ಬಾಗಿಲಿನಿಂದ ವಾಪಸ್ ಕಳಿಸುವುದು ನಿಂತಿಲ್ಲ. ಇಂಥ ಒಂದೊಂದು ನೆಪಕ್ಕೂ ಕಾಯ್ದೆಯಲ್ಲಿ ಉತ್ತರವಿದೆ. ಯಾವ ಸೆಕ್ಷನ್, ಯಾರ ಬಳಿ ಹೋಗಬೇಕು ಎಂಬುದು ಗೊತ್ತಿರಬೇಕು, ಅಷ್ಟೇ.

## ಮೊದಲು ಗೊತ್ತಿರಬೇಕಾದದ್ದು

ಆರ್‌ಟಿಇ ಅಂದ್ರೆ ಖಾಸಗಿ ಶಾಲೇಲಿ ಫ್ರೀ ಸೀಟು ಕೊಡೋದು, ಅಷ್ಟೇ ಅಲ್ವಾ?

ಅಲ್ಲ. ಖಾಸಗಿ ಶಾಲೆಯ ಸೀಟಿನ ಮಾತು ಬರುವುದು ಸೆಕ್ಷನ್ 12(1)(ಸಿ)ಯಲ್ಲಿ ಮಾತ್ರ: ಅನುದಾನರಹಿತ ಖಾಸಗಿ ಶಾಲೆ ಪ್ರವೇಶ ತರಗತಿಯ ಶೇ 25ರಷ್ಟು ಸೀಟನ್ನು ಬಡ, ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಕೊಡಬೇಕು. ಉಳಿದ ಕಾಯ್ದೆಯೆಲ್ಲ 6ರಿಂದ 14 ವರ್ಷದ ಪ್ರತಿ ಮಗುವಿಗೂ ಮನೆಯ ಹತ್ತಿರದ ಶಾಲೆಯಲ್ಲಿ 1ರಿಂದ 8ನೇ ತರಗತಿವರೆಗೆ ಉಚಿತವಾಗಿ ಕಲಿಸುವ ಸರ್ಕಾರದ ಹೊಣೆಯನ್ನು ಕುರಿತದ್ದು. ಅದರ ಬೇರು ಸಂವಿಧಾನದ 21ಎ ವಿಧಿಯಲ್ಲಿದೆ. 2002ರ 86ನೇ ತಿದ್ದುಪಡಿ ಅದನ್ನು ಸೇರಿಸಿತು. ಇದಕ್ಕೆ ದಾರಿ ಮಾಡಿಕೊಟ್ಟ ಮೊಕದ್ದಮೆಗಳಲ್ಲಿ ಒಂದು ನಮ್ಮ ರಾಜ್ಯದ್ದೇ. ವೈದ್ಯಕೀಯ ಕಾಲೇಜಿನ ಕ್ಯಾಪಿಟೇಷನ್ ಶುಲ್ಕ ಪ್ರಶ್ನಿಸಿದ ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣವನ್ನು ಹಕ್ಕು ಎಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಆ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಖಚಿತಪಡಿಸಿತು.

ಉಚಿತ ಅಂತಾರೆ, ಆದ್ರೆ ಸರ್ಕಾರಿ ಶಾಲೇಲೂ ದುಡ್ಡು ಕೇಳ್ತಾರಲ್ಲ?

ಸೆಕ್ಷನ್ 3ರ ಪ್ರಕಾರ ಮಗುವಿನ ಓದು ನಿಲ್ಲಿಸುವಂಥ ಯಾವ ಶುಲ್ಕವನ್ನೂ, ಖರ್ಚನ್ನೂ ಮಗುವಿನ ಮೇಲೆ ಹೊರಿಸುವಂತಿಲ್ಲ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಶೂ-ಸಾಕ್ಸ್, ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು, ಎಲ್ಲವೂ ಉಚಿತ. ಎಸ್‌ಡಿಎಂಸಿಗೆ (ಪೋಷಕರೇ ಹೆಚ್ಚಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ದೇಣಿಗೆ ಕೊಡುವುದು ಕೊಡುವವರ ಇಷ್ಟ. ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಅವಕಾಶ ಕೊಟ್ಟಿದ್ದ ಸುತ್ತೋಲೆಯನ್ನು 2022ರಲ್ಲಿ ಟೀಕೆ ಬಂದ ಬೆನ್ನಿಗೇ ವಾಪಸ್ ಪಡೆಯಲಾಯಿತು. ದಾಖಲಾತಿಗೋ ಟಿಸಿಗೋ ದುಡ್ಡು ಕೇಳಿದರೆ ರಸೀದಿ ಕೇಳಿ. ರಸೀದಿ ಕೊಡಲು ಹಿಂಜರಿದರೆ ಅದು ಯಾವ ದುಡ್ಡು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಕಡ್ಡಾಯ ಅಂದ್ರೆ ಮಗೂನ ಕಳಿಸದಿದ್ರೆ ಅಪ್ಪ-ಅಮ್ಮನಿಗೆ ದಂಡ ಹಾಕ್ತಾರಾ?

ಈ ಕಾಯ್ದೆಯಲ್ಲಿ ಕಡ್ಡಾಯ ಎಂಬುದು ಸರ್ಕಾರಕ್ಕೆ. ಮಗುವನ್ನು ದಾಖಲಿಸುವುದು, ಹಾಜರಾತಿ ನೋಡಿಕೊಳ್ಳುವುದು, ಓದು ಮುಗಿಸುವಂತೆ ಮಾಡುವುದು ಅದರ ಹೊಣೆ. ಪೋಷಕರಿಗೆ ಸೆಕ್ಷನ್ 10ರಲ್ಲಿ ಕರ್ತವ್ಯ ಹೇಳಿದೆ, ಶಿಕ್ಷೆ ಹೇಳಿಲ್ಲ. ಮಗುವನ್ನು ಕೆಲಸಕ್ಕೆ ಹಚ್ಚಿದರೆ ಮಾತ್ರ ಬೇರೆ ಕಾಯ್ದೆ ಬರುತ್ತದೆ. 14 ವರ್ಷದೊಳಗಿನವರನ್ನು ದುಡಿಸಿಕೊಂಡ ಮಾಲೀಕನಿಗೆ 6 ತಿಂಗಳಿಂದ 2 ವರ್ಷ ಸಜೆ ಅಥವಾ 20,000ದಿಂದ 50,000 ರೂಪಾಯಿ ದಂಡ ಅಥವಾ ಎರಡೂ. ತಂದೆ-ತಾಯಿಗೆ ಮೊದಲ ಸಲ ಶಿಕ್ಷೆಯಿಲ್ಲ. ಮತ್ತೆ ಅದೇ ತಪ್ಪು ಮಾಡಿದರೆ 10,000 ರೂಪಾಯಿವರೆಗೆ ದಂಡ.

## ಶಾಲೆಗೆ ಸೇರಿಸುವಾಗ

ನಮ್ಮ ಮಗೂಗೆ ಜೂನ್‌ಗೆ ಆರು ತುಂಬೋಕೆ ಎರಡು ತಿಂಗಳು ಕಮ್ಮಿ. ಒಂದನೇ ಕ್ಲಾಸಿಗೆ ತಗೊಳ್ತಾರಾ?

ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು 2022ರ ಜುಲೈನ ಸರ್ಕಾರಿ ಆದೇಶ. 2025–26ರಿಂದ ಜಾರಿಯಾಗಬೇಕಿದ್ದ ಈ ನಿಯಮವನ್ನು ಆ ವರ್ಷದ ಮಟ್ಟಿಗೆ ಸಡಿಲಿಸಿ, ಯುಕೆಜಿ ಮುಗಿಸಿದ್ದವರಿಗೆ 5 ವರ್ಷ 5 ತಿಂಗಳು ಸಾಕು ಎಂದರು. ಆ ಸಡಿಲಿಕೆ ನಂಬಿಕೊಂಡು ಕೂರಬೇಡಿ; ದಾಖಲಾತಿಗೆ ಮುಂಚೆ ಆ ಸಾಲಿನ ಸುತ್ತೋಲೆಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ನೋಡಿ. ವಯಸ್ಸು ಕಮ್ಮಿಯಿದ್ದರೆ ಅಂಗನವಾಡಿಯಲ್ಲೋ ಯುಕೆಜಿಯಲ್ಲೋ ಇನ್ನೊಂದು ವರ್ಷ ಇರಲಿ. ಹುಟ್ಟಿದ ದಿನಾಂಕ ತಿದ್ದಿಸಿ ಸೇರಿಸುವವರೂ ಇದ್ದಾರೆ. ಆ ತಿದ್ದುಪಡಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಾಸ್‌ಪೋರ್ಟ್‌ವರೆಗೂ ಬೆನ್ನು ಬಿಡುವುದಿಲ್ಲ.

ಜನನ ಪ್ರಮಾಣಪತ್ರ ಇಲ್ಲ. ಹೆಡ್‌ಮಾಸ್ಟರ್ ಆಗಲ್ಲ ಅಂತಾರೆ.

ಸೆಕ್ಷನ್ 14(2): ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ದಾಖಲಾತಿ ನಿರಾಕರಿಸುವಂತಿಲ್ಲ. ಅಂಗನವಾಡಿ ದಾಖಲೆ, ಆಸ್ಪತ್ರೆಯ ಅಥವಾ ಆರೋಗ್ಯ ಸಹಾಯಕಿಯ ರಿಜಿಸ್ಟರಿನ ನಕಲು, ಅದೂ ಇಲ್ಲದಿದ್ದರೆ ತಂದೆ-ತಾಯಿಯ ಘೋಷಣಾ ಪತ್ರ ಸಾಕು.

ಹಾಗಂತ ಪ್ರಮಾಣಪತ್ರ ಬೇಡವೆಂದಲ್ಲ. 2023ರಲ್ಲಿ ಜನನ-ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿ ಬಂದಿದೆ. ಅದರಂತೆ 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ ಸೇರುವುದೂ ಸೇರಿ ಹಲವು ಕೆಲಸಕ್ಕೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಾಂಕದ ಪುರಾವೆ. ಆ ಮಕ್ಕಳು ಒಂದನೇ ತರಗತಿಗೆ ಬರುವ ಕಾಲ ದೂರವಿಲ್ಲ. ಹುಟ್ಟಿದ 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ, 30 ದಿನದವರೆಗೆ ವಿಳಂಬ ಶುಲ್ಕ. ವರ್ಷ ದಾಟಿತೆಂದರೆ ದಂಡಾಧಿಕಾರಿಯ ಆದೇಶ ಬೇಕಾಗುತ್ತದೆ, ಅಲೆದಾಟ ಶುರುವಾಗುತ್ತದೆ.

ಆಧಾರ್ ಇಲ್ಲದೆ ಸಾಫ್ಟ್‌ವೇರ್ ತಗೊಳ್ಳಲ್ಲ ಅಂತಾರೆ. ನಿಜಾನಾ?

ಸಾಫ್ಟ್‌ವೇರ್ ತೆಗೆದುಕೊಳ್ಳದಿದ್ದರೆ ಅದು ಇಲಾಖೆಯ ತೊಂದರೆ, ಮಗುವಿನದಲ್ಲ. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದಿದೆ: 6ರಿಂದ 14ರವರ ಶಿಕ್ಷಣ ಸಹಾಯಧನವಲ್ಲ, ಮೂಲಭೂತ ಹಕ್ಕು. ಮಗುವಿನ ಹೆಸರನ್ನು ದಾಖಲಾತಿ ಪುಸ್ತಕದಲ್ಲಿ ಬರೆಸಿ, ಅಂದೇ ತರಗತಿಗೆ ಕೂರಿಸಿ. ಆನ್‌ಲೈನ್ ನಮೂದು ಆಮೇಲೆ ಆಗಲಿ. ವಿದ್ಯಾರ್ಥಿವೇತನಕ್ಕೆ ಮುಂದೆ ಆಧಾರ್ ಹೇಗೂ ಬೇಕಾಗುತ್ತದೆ, ಆದ್ದರಿಂದ ಮಾಡಿಸಿಡಿ. ಅಲ್ಲಿ ಹೆಸರಿನ ಅಕ್ಷರಗಳು ಶಾಲಾ ದಾಖಲೆಯಂತೆಯೇ ಇರಲಿ. ಹಣ ಬಾರದಿರಲು ಇದೊಂದು ದೊಡ್ಡ ಕಾರಣ.

ಫೀಸ್ ಬಾಕಿ ಇದೆ ಅಂತ ಖಾಸಗಿ ಶಾಲೆಯವರು ಟಿಸಿ ಕೊಡ್ತಿಲ್ಲ. ಮಗು ಎರಡು ತಿಂಗಳಿಂದ ಮನೇಲಿದೆ.

ಮೊದಲು ಮಗುವನ್ನು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸಿ, ಟಿಸಿ ಜಗಳ ಆಮೇಲೆ. ಸೆಕ್ಷನ್ 5(3)ರಲ್ಲಿ ಎರಡು ಮಾತಿದೆ. ಹಳೆಯ ಶಾಲೆಯ ಮುಖ್ಯಸ್ಥರು ಟಿಸಿಯನ್ನು ಕೂಡಲೇ ಕೊಡಬೇಕು, ತಡ ಮಾಡಿದರೆ ಶಿಸ್ತು ಕ್ರಮ. ಟಿಸಿ ಬರಲಿಲ್ಲವೆಂದು ಹೊಸ ಶಾಲೆ ದಾಖಲಾತಿ ತಡೆಯುವಂತಿಲ್ಲ, ನಿರಾಕರಿಸುವಂತಿಲ್ಲ. ಫೀಸ್ ಬಾಕಿ ಶಾಲೆಗೂ ಪೋಷಕರಿಗೂ ನಡುವಿನ ಲೆಕ್ಕ. ಶಾಲೆ ಅದನ್ನು ವಸೂಲಿ ಮಾಡಲು ಬೇರೆ ದಾರಿ ನೋಡಿಕೊಳ್ಳಲಿ, ಮಗುವಿನ ದಾಖಲೆ ಒತ್ತೆ ಇಡುವ ವಸ್ತುವಲ್ಲ.

ನಿಜವಾಗಿ ಸಿಕ್ಕಿಬೀಳುವುದು ಸ್ಯಾಟ್ಸ್‌ನಲ್ಲಿ, ಅಂದರೆ ಮಕ್ಕಳ ದಾಖಲಾತಿ ಇಡುವ ಇಲಾಖೆಯ ಸಾಫ್ಟ್‌ವೇರ್‌ನಲ್ಲಿ. ಹಳೆಯ ಶಾಲೆ ತನ್ನ ಲಾಗಿನ್‌ನಿಂದ ಮಗುವನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯ ಲಾಗಿನ್‌ಗೆ ಮಗುವಿನ ಸ್ಯಾಟ್ಸ್ ಸಂಖ್ಯೆ ಬರುವುದಿಲ್ಲ. ಮುಖ್ಯ ಶಿಕ್ಷಕರು ಅದಕ್ಕೇ ಹೆದರುತ್ತಾರೆ, ಹೆದರಿ ನಿಮ್ಮನ್ನು ವಾಪಸ್ ಕಳಿಸುತ್ತಾರೆ. ಆಗ ಬಿಇಒಗೆ ಒಂದು ಪುಟದ ಅರ್ಜಿ ಕೊಡಿ: ಮಗುವಿನ ಹೆಸರು, ಸ್ಯಾಟ್ಸ್ ಸಂಖ್ಯೆ, ಎರಡೂ ಶಾಲೆಗಳ ಯುಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಇರುವ 11 ಅಂಕಿಯ ಗುರುತಿನ ಸಂಖ್ಯೆ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ), ಟಿಸಿ ಕೇಳಿದ ದಿನಾಂಕ. ಟಿಸಿಯನ್ನು ಬಾಯಲ್ಲಿ ಕೇಳಿದ್ದರೆ ಲೆಕ್ಕಕ್ಕಿಲ್ಲ. ಮೊದಲು ಹಳೆಯ ಶಾಲೆಗೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಅವರು ಸಹಿ ಹಾಕದಿದ್ದರೆ ನೋಂದಾಯಿತ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ದಸರಾ ರಜೆ ಮುಗಿದಿದೆ. ಈಗ ಸೇರಿಸ್ಕೊಳ್ತಾರಾ?

ಸೇರಿಸಿಕೊಳ್ಳಲೇಬೇಕು. ಸೆಕ್ಷನ್ 15ರಂತೆ ದಾಖಲಾತಿಯ ಅವಧಿ ಮುಗಿದ ಮೇಲೆ ಬಂದ ಮಗುವನ್ನೂ ನಿರಾಕರಿಸುವಂತಿಲ್ಲ. ತಪ್ಪಿಹೋದ ಪಾಠವನ್ನು ಸರಿದೂಗಿಸುವುದು ಶಾಲೆಯ ಕೆಲಸ.

ಏಳನೇ ಕ್ಲಾಸು ಊರಲ್ಲೇ ಮುಗೀತು, ಎಂಟಕ್ಕೆ ಎಂಟು ಕಿಲೋಮೀಟರ್ ಹೋಗ್ಬೇಕು. ಇದು ಹತ್ತಿರದ ಶಾಲೆ ಆಗುತ್ತಾ?

ಆಗುವುದಿಲ್ಲ. ಕರ್ನಾಟಕದಲ್ಲಿ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು ಶಾಲೆ ಬಿಡುವ ದೊಡ್ಡ ಕಂಡಿ ಇದೇ. ಕಾಯ್ದೆಯ ಲೆಕ್ಕದಲ್ಲಿ ಪ್ರಾಥಮಿಕ ಶಿಕ್ಷಣವೆಂದರೆ 1ರಿಂದ 8. ನಮ್ಮ ಹಳೆಯ ಕ್ರಮದಲ್ಲಿ ಹಿರಿಯ ಪ್ರಾಥಮಿಕ 7ಕ್ಕೆ ಮುಗಿದು ಪ್ರೌಢಶಾಲೆ 8ರಿಂದ ಶುರು. ಹೀಗಾಗಿ ಹಕ್ಕಿನ ಕೊನೆಯ ವರ್ಷವೊಂದು ಇನ್ನೊಂದು ಊರಿನ ಪ್ರೌಢಶಾಲೆಯಲ್ಲಿ ಕೂತಿದೆ. ರಾಜ್ಯದ ನಿಯಮಗಳ ಪ್ರಕಾರ 1ರಿಂದ 5ಕ್ಕೆ 1 ಕಿಲೋಮೀಟರ್, 6ರಿಂದ 8ಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಇಲ್ಲದಿದ್ದರೆ ಸಾರಿಗೆಯನ್ನೋ ವಸತಿ ವ್ಯವಸ್ಥೆಯನ್ನೋ ಕಲ್ಪಿಸಬೇಕು.

ಕೇಳಬಹುದಾದದ್ದು ಮೂರು. ಒಂದು, ಊರಿನ ಶಾಲೆಯಲ್ಲೇ 8ನೇ ತರಗತಿ ತೆರೆಯುವಂತೆ ಎಸ್‌ಡಿಎಂಸಿ ನಿರ್ಣಯ ಮಾಡಿ ಬಿಇಒ ಮೂಲಕ ಡಿಡಿಪಿಐಗೆ (ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ) ಕಳಿಸುವುದು. 6 ಮತ್ತು 7ರಲ್ಲಿ ಈಗಿರುವ ಮಕ್ಕಳ ಪಟ್ಟಿ ಜೊತೆಗಿರಲಿ, ಸಂಖ್ಯೆ ತೋರಿಸದ ಬೇಡಿಕೆ ಕಡತದಲ್ಲೇ ಉಳಿಯುತ್ತದೆ. ಎರಡು, ಸಮಗ್ರ ಶಿಕ್ಷಣ ಯೋಜನೆಯಡಿ ಸಾರಿಗೆ ಭತ್ಯೆ. ಮೂರು, ಬಸ್ಸಿನ ವೇಳೆ ಬದಲಾವಣೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಆದರೆ ಬೆಳಗಿನ ಬಸ್ಸು ಹತ್ತೂವರೆಗೆ ಬಂದರೆ ಏನು ಉಪಯೋಗ? ಡಿಪೋ ವ್ಯವಸ್ಥಾಪಕರಿಗೆ ಕೊಡುವ ಅರ್ಜಿಯಲ್ಲಿ ಶಾಲೆಯ ವೇಳೆ ಮತ್ತು ಆ ಮಾರ್ಗದ ಮಕ್ಕಳ ಸಂಖ್ಯೆ ಬರೆದು, ಮುಖ್ಯ ಶಿಕ್ಷಕರ ಸಹಿ ಹಾಕಿಸಿ. ಮೂರರಲ್ಲಿ ಬೇಗ ಆಗುವುದು ಇದೇ.

## ಖಾಸಗಿ ಶಾಲೆ ಮತ್ತು ಶೇ 25

ಆರ್‌ಟಿಇ ಅರ್ಜಿ ಹಾಕೋಕೆ ಹೋದ್ರೆ ನಮ್ಮೂರ ಕಾನ್ವೆಂಟ್ ಲಿಸ್ಟಲ್ಲೇ ಇಲ್ಲ. ಯಾಕೆ?

2018ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ತನ್ನ 2012ರ ಆರ್‌ಟಿಇ ನಿಯಮಗಳ 4ನೇ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಖಾಸಗಿ ಶಾಲೆ ಶೇ 25ರ ಸೀಟು ಕೊಡಬೇಕಿಲ್ಲ ಎಂದಾಯಿತು. 2019ರ ಮೇ 31ರಂದು ಹೈಕೋರ್ಟ್ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆಯೇ ಇಲ್ಲದ ಊರು, ವಾರ್ಡು ನಮ್ಮಲ್ಲಿ ಕಡಿಮೆ. ಹೀಗಾಗಿ ಪಟ್ಟಿಯೇ ಕರಗಿಹೋಯಿತು. ಮಹಾರಾಷ್ಟ್ರ 2024ರಲ್ಲಿ ಇಂಥದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು.

ಸರ್ಕಾರಿ ಶಾಲೆಗಳಿಗೆ ಮಕ್ಕಳು ಬರಲಿ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಸೀಟು ಕಿತ್ತುಕೊಂಡಷ್ಟು ಬೇಗ ಆ ಶಾಲೆಗಳಿಗೆ ಶಿಕ್ಷಕರನ್ನು ಕೊಡಲಿಲ್ಲ.

ಪಟ್ಟೀಲಿ ಶಾಲೆ ಇದೆ. ಏನೇನು ಕಾಗದ ಬೇಕು, ಅರ್ಜಿ ಎಲ್ಲಿ ಬಿದ್ದೋಗುತ್ತೆ?

ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮಗುವಿನ ವಯಸ್ಸಿನ ದಾಖಲೆ, ವಿಳಾಸದ ಪುರಾವೆ. ಶೇ 25ರಲ್ಲಿ 7.5 ಪರಿಶಿಷ್ಟ ಜಾತಿ, 1.5 ಪರಿಶಿಷ್ಟ ಪಂಗಡ, ಉಳಿದ 16 ಇತರ ಅರ್ಹ ವರ್ಗಗಳಿಗೆ. ಅನಾಥ ಮಕ್ಕಳು, ಎಚ್‌ಐವಿ ಬಾಧಿತರು, ಅಂಗವಿಕಲ ಮಕ್ಕಳು, ವಲಸೆ ಮತ್ತು ಬೀದಿ ಮಕ್ಕಳಿಗೆ ವಿಶೇಷ ವರ್ಗವಿದೆ.

ಅರ್ಜಿ ಬೀಳುವ ಕಾರಣಗಳು ಹೆಚ್ಚಾಗಿ ಸಣ್ಣವು. ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ತಪ್ಪಾಗಿ ಹಾಕಿರುತ್ತಾರೆ. ಆಧಾರ್‌ನಲ್ಲಿ ಹಳೆಯ ಬಾಡಿಗೆ ಮನೆಯ ವಿಳಾಸ ಉಳಿದಿರುತ್ತದೆ. ನೆರೆಹೊರೆಯನ್ನು ಅಳೆಯುವುದು ವಿಳಾಸದ ಮೇಲೇ ಆದ್ದರಿಂದ ಆ ಶಾಲೆಯೇ ಕಾಣಿಸುವುದಿಲ್ಲ. ಅರ್ಜಿ ಶುರುವಾದ ಮೇಲೆ ವಿಳಾಸ ಬದಲಾಯಿಸಲು ಹೊರಟರೆ ಕೊನೆಯ ದಿನ ದಾಟಿಹೋಗುತ್ತದೆ. ಫೆಬ್ರುವರಿಯೊಳಗೆ ಇದನ್ನೆಲ್ಲ ಸರಿಮಾಡಿಕೊಳ್ಳಿ.

ಸೀಟು ಸಿಕ್ತು. ಆದ್ರೂ ‘ಆ್ಯಕ್ಟಿವಿಟಿ ಫೀಸ್’ ಅಂತ 18,000 ಕೇಳ್ತಾರೆ.

ಕೊಡಬೇಕಿಲ್ಲ. ಈ ಮಕ್ಕಳ ಖರ್ಚನ್ನು ಸರ್ಕಾರ ಸೆಕ್ಷನ್ 12(2)ರಂತೆ ಶಾಲೆಗೆ ಮರುಪಾವತಿ ಮಾಡುತ್ತದೆ. ಕರ್ನಾಟಕದಲ್ಲಿ ನಿಗದಿಯಾದ ಗರಿಷ್ಠ ಮೊತ್ತ ವರ್ಷಕ್ಕೆ 1ನೇ ತರಗತಿಗೆ ಸೇರಿದವರಿಗೆ 16,000, ಎಲ್‌ಕೆಜಿಗೆ 8,000 ರೂಪಾಯಿ. ಶಾಲೆಯ ಶುಲ್ಕ ಅದಕ್ಕಿಂತ ಹೆಚ್ಚಿದೆ, ಮರುಪಾವತಿ ತಡವಾಗುತ್ತದೆ ಎಂಬ ಶಾಲೆಗಳ ದೂರು ಸುಳ್ಳಲ್ಲ. ಆದರೆ ಆ ವ್ಯತ್ಯಾಸವನ್ನು ಪೋಷಕರಿಂದ ತುಂಬಿಸಿಕೊಳ್ಳುವಂತಿಲ್ಲ. ಈ ಮಕ್ಕಳನ್ನು ಬೇರೆ ಸೆಕ್ಷನ್‌ನಲ್ಲಿ ಕೂರಿಸುವುದು, ಬೇರೆ ವೇಳೆಯಲ್ಲಿ ಪಾಠ ಮಾಡುವುದು, ಪ್ರವಾಸಕ್ಕೆ ಬಿಟ್ಟುಹೋಗುವುದು ತಾರತಮ್ಯ. ಶುಲ್ಕದ ಬೇಡಿಕೆ ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದರೆ ಅಳಿಸಬೇಡಿ, ಅದೇ ಸಾಕ್ಷಿ.

ಎಂಟನೇ ಕ್ಲಾಸ್ ಮುಗೀತು. ಒಂಬತ್ತಕ್ಕೆ ಪೂರ್ತಿ ಫೀಸ್ ಕಟ್ಟಿ ಅಂತಿದ್ದಾರೆ.

ಕಾನೂನಿನ ಪ್ರಕಾರ ಕೇಳಬಹುದು. ಕಾಯ್ದೆ 8ಕ್ಕೆ ನಿಲ್ಲುತ್ತದೆ. 7ನೇ ತರಗತಿಯಲ್ಲಿರುವಾಗಲೇ ಯೋಚಿಸಿ: ಸರ್ಕಾರಿ ಪ್ರೌಢಶಾಲೆಯ ಇಂಗ್ಲಿಷ್ ಮಾಧ್ಯಮ ವಿಭಾಗ ಇದೆಯೇ, ಕರ್ನಾಟಕ ಪಬ್ಲಿಕ್ ಶಾಲೆ ಹತ್ತಿರವಿದೆಯೇ ನೋಡಿ. ಸರ್ಕಾರಿ, ಅನುದಾನಿತ ಶಾಲೆಗಳ 8ನೇ ತರಗತಿಯವರಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆಯೂ ಇದೆ. ತೇರ್ಗಡೆಯಾಗಿ ಆಯ್ಕೆಯಾದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ. ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು, 7ನೇ ತರಗತಿಯಲ್ಲಿ ಶೇ 55 ಅಂಕ (ಪರಿಶಿಷ್ಟರಿಗೆ 50) ಇರಬೇಕು.

ಮಗೂಗೂ ನಮಗೂ ಇಂಟರ್‌ವ್ಯೂ ಮಾಡಿದ್ರು, ಡೊನೇಷನ್ ಕೇಳಿದ್ರು. ಇದು ಸರೀನಾ?

ಎರಡೂ ಅಪರಾಧ, ಸೆಕ್ಷನ್ 13. ಕ್ಯಾಪಿಟೇಷನ್ ಪಡೆದರೆ ಅದರ 10 ಪಟ್ಟುವರೆಗೆ ದಂಡ. ಸಂದರ್ಶನ, ಪ್ರವೇಶ ಪರೀಕ್ಷೆ ನಡೆಸಿದರೆ ಮೊದಲ ಸಲ 25,000, ಆಮೇಲೆ ಪ್ರತಿ ಸಲ 50,000 ರೂಪಾಯಿವರೆಗೆ. ಪ್ರಕರಣಗಳು ಅಪರೂಪವಾಗಲು ಕಾರಣ ಸೆಕ್ಷನ್ 36: ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಮೊಕದ್ದಮೆ ನಡೆಯದು. ಆದ್ದರಿಂದ ನೇರ ಪೊಲೀಸ್ ಠಾಣೆಗೆ ಹೋಗುವ ಬದಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರಕ್ಕೆ ದೂರು ಕೊಡಿ. ಪ್ರತಿಯನ್ನು ಡಿಡಿಪಿಐಗೆ ಕಳಿಸಿ.

## ಶಾಲೆಯ ಒಳಗೆ

ಐದು ಕ್ಲಾಸಿಗೆ ಒಬ್ಬರೇ ಮೇಷ್ಟ್ರು. ಕಾನೂನು ಏನು ಹೇಳುತ್ತೆ?

ಕಿರಿಯ ಪ್ರಾಥಮಿಕ ಶಾಲೆಯಲ್ಲಿ 10 ಮಕ್ಕಳಿದ್ದರೂ ಕನಿಷ್ಠ ಇಬ್ಬರು ಶಿಕ್ಷಕರಿರಬೇಕು. ಕಾಯ್ದೆಯ ಅನುಸೂಚಿಯ ಲೆಕ್ಕ ಹೀಗೆ: 60ರವರೆಗೆ 2, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5, 150 ದಾಟಿದರೆ ಜೊತೆಗೊಬ್ಬ ಮುಖ್ಯ ಶಿಕ್ಷಕರು. 6ರಿಂದ 8ಕ್ಕೆ 35 ಮಕ್ಕಳಿಗೊಬ್ಬರು, ಮತ್ತು ವಿಜ್ಞಾನ-ಗಣಿತ, ಸಮಾಜ, ಭಾಷೆ ಮೂರಕ್ಕೂ ಒಬ್ಬೊಬ್ಬರು. ವರ್ಷಕ್ಕೆ 1–5ಕ್ಕೆ 200 ದಿನ, 800 ಗಂಟೆ. 6–8ಕ್ಕೆ 220 ದಿನ, 1,000 ಗಂಟೆ ಪಾಠ ನಡೆಯಬೇಕು.

ಏಕೋಪಾಧ್ಯಾಯ ಶಾಲೆಯಲ್ಲಿ ಆ ಒಬ್ಬರು ಬಿಸಿಯೂಟದ ಲೆಕ್ಕ ಬರೆಯಬೇಕು, ಸಭೆಗೆ ತಾಲ್ಲೂಕಿಗೆ ಹೋಗಬೇಕು. ಅವರು ಹೋದ ದಿನ ಶಾಲೆಯೇ ಇಲ್ಲ. ದೂರು ಕೊಡುವಾಗ ಮೇಷ್ಟ್ರ ಮೇಲೆ ಕೊಡಬೇಡಿ, ಖಾಲಿ ಹುದ್ದೆಯ ಮೇಲೆ ಕೊಡಿ. ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ನಿಯೋಜನೆ ಮೇಲೆ ಬೇರೆಡೆ ಹೋದವರು ಎಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರದಂತೆ. ಹುದ್ದೆ ತುಂಬುವವರೆಗೆ ಅತಿಥಿ ಶಿಕ್ಷಕರನ್ನು ಕೊಡಿ ಎಂಬ ಬೇಡಿಕೆಗೆ ಈ ಉತ್ತರವೇ ಆಧಾರ.

ಐದು, ಎಂಟರಲ್ಲಿ ಈಗ ಫೇಲ್ ಮಾಡ್ತಾರಂತೆ?

2019ರ ತಿದ್ದುಪಡಿ ಆ ಎರಡು ತರಗತಿಗೆ ಪರೀಕ್ಷೆ ನಡೆಸಲು, ಎರಡು ತಿಂಗಳೊಳಗಿನ ಮರುಪರೀಕ್ಷೆಯಲ್ಲೂ ಆಗದಿದ್ದರೆ ಅಲ್ಲೇ ಉಳಿಸಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಉಳಿಸಲೇಬೇಕು ಎಂದಿಲ್ಲ. ಕರ್ನಾಟಕ ಬೋರ್ಡ್ ಮಟ್ಟದ ಪರೀಕ್ಷೆಗೆ ಕೈಹಾಕಿದಾಗ ಅದು ಕೋರ್ಟಿನಿಂದ ಕೋರ್ಟಿಗೆ ಅಲೆದು, 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಏನೇ ಆದರೂ 8 ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ‘ಓದಲ್ಲ, ಟಿಸಿ ತಗೊಂಡು ಹೋಗಿ’ ಎಂದರೆ ಬರವಣಿಗೆಯಲ್ಲಿ ಕೊಡಿ ಎನ್ನಿ. ಕೊಡುವುದಿಲ್ಲ.

ಮೇಷ್ಟ್ರು ಹೊಡೆದು ಬಾಸುಂಡೆ ಬಂದಿದೆ. ದೂರು ಕೊಟ್ರೆ ಮಗೂಗೇ ತೊಂದ್ರೆ ಆಗಲ್ವಾ?

ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಸೆಕ್ಷನ್ 17 ನಿಷೇಧಿಸಿದೆ. ಜಾತಿ ಹಿಡಿದು ಬೈಯುವುದು, ಫೀಸ್ ಕಟ್ಟದ ಮಗುವನ್ನು ಹೊರಗೆ ನಿಲ್ಲಿಸುವುದೂ ಹಿಂಸೆಯೇ. ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ದಾಖಲೆ ಪಡೆಯಿರಿ, ದಿನಾಂಕ ಸಮೇತ ಫೋಟೊ ತೆಗೆಯಿರಿ. ಗಾಯ ಗಂಭೀರವಿದ್ದರೆ ಪೊಲೀಸ್ ದೂರು. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 75 ಅನ್ವಯಿಸುತ್ತದೆ. ಹೆಸರು ಹೇಳಲು ಅಂಜಿಕೆಯಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯವಾದರೆ ಕಾಯುವ ಪ್ರಶ್ನೆಯೇ ಇಲ್ಲ: ಪೋಕ್ಸೊ ಕಾಯ್ದೆಯಡಿ ಗೊತ್ತಿದ್ದೂ ತಿಳಿಸದ ಮುಖ್ಯ ಶಿಕ್ಷಕರೂ ಶಿಕ್ಷೆಗೆ ಗುರಿ.

ಎಸ್‌ಡಿಎಂಸಿಯಲ್ಲಿ ನಾವು ಏನು ಮಾಡ್ಬಹುದು? ಸಹಿಗೆ ಮಾತ್ರ ಕರೀತಾರೆ.

ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಅರ್ಧ ಮಹಿಳೆಯರು ಇರಬೇಕು. ಅದಕ್ಕೆ ಹಣದ ಬಳಕೆ ನೋಡುವ ಮತ್ತು ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವ ಅಧಿಕಾರವಿದೆ. ಸಹಿ ಹಾಕುವ ಮುಂಚೆ ನಡಾವಳಿ ಪುಸ್ತಕ ಓದಿಸಿ ಕೇಳಿ, ಖಾಲಿ ಪುಟಕ್ಕೆ ಸಹಿ ಬೇಡ. ಯುಡೈಸ್ ಜಾಲತಾಣದಲ್ಲಿ ನಿಮ್ಮ ಶಾಲೆಯ ವಿವರ ಎಲ್ಲರಿಗೂ ಕಾಣುತ್ತದೆ. ಅಲ್ಲಿ ‘ಬಳಸಬಹುದಾದ ಶೌಚಾಲಯ 4’ ಎಂದಿದ್ದು ಶಾಲೆಯಲ್ಲಿ ಒಂದಕ್ಕೂ ನೀರಿಲ್ಲದಿದ್ದರೆ ಮೊದಲು ಆ ಅಂಕಿ ತಿದ್ದಿಸಿ. ಕಾಗದದಲ್ಲಿ ಇರುವ ಶೌಚಾಲಯಕ್ಕೆ ಯಾರೂ ಅನುದಾನ ಕೊಡುವುದಿಲ್ಲ.

## ಹೊರಗುಳಿದ ಮಕ್ಕಳು

ಗುಳೆ ಹೋದಾಗ ಆರು ತಿಂಗಳು ಶಾಲೆ ತಪ್ಪುತ್ತೆ. ಹೆಸರು ಹೊಡೆದುಹಾಕ್ತಾರೆ. ಏನು ಮಾಡೋದು?

ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ ಕಡೆಯಿಂದ ದಸರಾ-ದೀಪಾವಳಿ ಹೊತ್ತಿಗೆ ಹೊರಡುವ ಕುಟುಂಬಗಳಿಗೆ ದಾರಿ ಎರಡು. ಒಂದು, ಮಗುವನ್ನು ಊರಲ್ಲೇ ಉಳಿಸುವುದು: ಗುಳೆ ಹೋದವರ ಮಕ್ಕಳಿಗಾಗಿ ತೆರೆಯುವ ಋತುಮಾನದ ವಸತಿ ಕೇಂದ್ರ ಅಥವಾ ಹಾಸ್ಟೆಲ್. ಇದು ಕೇಳಿದ ಕೂಡಲೇ ತೆರೆಯುವುದಲ್ಲ. ಯಾರ ಮನೆಯಿಂದ ಎಷ್ಟು ಮಕ್ಕಳು ಹೋಗುತ್ತಾರೆ ಎಂಬ ಪಟ್ಟಿಯನ್ನು ಗುಳೆ ಶುರುವಾಗುವ ಎರಡು ತಿಂಗಳ ಮುಂಚೆಯೇ ಎಸ್‌ಡಿಎಂಸಿ ಮತ್ತು ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಮೂಹ ಸಂಪನ್ಮೂಲ ವ್ಯಕ್ತಿ) ಮೂಲಕ ಕಳಿಸಬೇಕು. ಇನ್ನೊಂದು, ಜೊತೆಗೇ ಕರೆದೊಯ್ಯುವುದು. ಆಗ ಸ್ಯಾಟ್ಸ್ ಸಂಖ್ಯೆ ಬರೆದ ಚೀಟಿಯನ್ನು ಜೊತೆಯಲ್ಲಿಟ್ಟು, ಹೋದ ಊರಿನ ಸರ್ಕಾರಿ ಶಾಲೆಯಲ್ಲಿ ಕೂರಿಸಿ. ಅಲ್ಲಿಯವರು ದಾಖಲೆ ಕೇಳಿ ವಾಪಸ್ ಕಳಿಸುವಂತಿಲ್ಲ. ಕಟ್ಟಡ ಕೆಲಸದ ಜಾಗದಿಂದ ಶಾಲೆ ದೂರವಿದ್ದು ಮಕ್ಕಳು ಹೆಚ್ಚಿದ್ದರೆ ಟೆಂಟ್ ಶಾಲೆ ಕೇಳಬಹುದು.

ರಾಜ್ಯದ ನಿಯಮದಲ್ಲಿ ಸತತ ಏಳು ದಿನ ಕಾರಣವಿಲ್ಲದೆ ಗೈರಾದ ಮಗುವನ್ನು ಶಾಲೆ ಹುಡುಕಿ ಹೋಗಬೇಕು. ಪತ್ರಿಕಾ ವರದಿ ಆಧರಿಸಿ 2013ರಲ್ಲಿ ಹೈಕೋರ್ಟ್ ತಾನಾಗಿಯೇ ದಾಖಲಿಸಿಕೊಂಡ ಪ್ರಕರಣದ ಬಳಿಕ ಈ ಎಚ್ಚರ ಹೆಚ್ಚಿತು. ಏಳು ದಿನದ ನಿಯಮ ಮಗುವನ್ನು ಹುಡುಕಲಿಕ್ಕೆ, ಹೆಸರು ಹೊಡೆಯಲಿಕ್ಕಲ್ಲ.

ಹತ್ತು ವರ್ಷದ ಹುಡುಗ ಶಾಲೆ ಮುಖಾನೇ ನೋಡಿಲ್ಲ. ಒಂದನೇ ಕ್ಲಾಸಲ್ಲಿ ಕೂರಿಸ್ತಾರಾ?

ಇಲ್ಲ. ಸೆಕ್ಷನ್ 4ರಂತೆ ವಯಸ್ಸಿಗೆ ತಕ್ಕ ತರಗತಿಗೆ, ಅಂದರೆ 5ನೇ ತರಗತಿಗೆ ದಾಖಲಿಸಿ ವಿಶೇಷ ತರಬೇತಿ ಕೊಡಬೇಕು. ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ. ತರಬೇತಿಯಿಲ್ಲದೆ ನೇರ 5ರಲ್ಲಿ ಕೂರಿಸಿದರೆ ಎರಡನೇ ವಾರಕ್ಕೇ ಮಗು ಶಾಲೆ ಬಿಡುತ್ತದೆ, ಬೇಗ ಕೆಡುವುದು ಇಲ್ಲೇ. 14 ದಾಟಿದರೂ 8 ಮುಗಿಯುವವರೆಗೆ ಹಕ್ಕು ಮುಂದುವರಿಯುತ್ತದೆ.

ಮಗು ನಡೆಯಲ್ಲ. ‘ಸ್ಪೆಷಲ್ ಸ್ಕೂಲಿಗೆ ಹಾಕಿ’ ಅಂತಾರೆ.

ಯಾವ ಶಾಲೆ ಎಂಬುದನ್ನು ಆರಿಸುವವರು ನೀವು, ಶಾಲೆಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 31ರ ಪ್ರಕಾರ ಶೇ 40 ಅಥವಾ ಹೆಚ್ಚು ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ತನಗೆ ಬೇಕಾದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ. ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿದ್ದರೆ ಗೃಹಾಧಾರಿತ ಶಿಕ್ಷಣವನ್ನೂ ಕೇಳಬಹುದು. ಅದು ಹಕ್ಕು, ಶಾಲೆ ತನ್ನ ಅನುಕೂಲಕ್ಕೆ ಮಗುವನ್ನು ಮನೆಯಲ್ಲಿಡುವ ದಾರಿ ಆಗಬಾರದು.

ತಾಲ್ಲೂಕು ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಎಂಬ ವಿಶೇಷ ಶಿಕ್ಷಕರು ಇರುತ್ತಾರೆ, ಮೊದಲು ಅವರನ್ನು ಕಾಣಿ. ವೈದ್ಯಕೀಯ ತಪಾಸಣೆ ಶಿಬಿರ, ಸಲಕರಣೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹಧನ ಅವರ ಮೂಲಕವೇ ಬರುತ್ತದೆ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಬರಲಿ ಎಂದು ದಾಖಲಾತಿ ನಿಲ್ಲಿಸಬೇಡಿ. ರ‍್ಯಾಂಪ್ ಇದೆಯೆಂದರೆ ಅಳತೆ ನೋಡಿ: 1 ಅಡಿ ಏರಲು 12 ಅಡಿ ಉದ್ದ ಬೇಕು. ಎರಡು ಮೆಟ್ಟಿಲಿನ ಮೇಲೆ ಸಿಮೆಂಟ್ ಬಳಿದ ಇಳಿಜಾರಿನಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಶೌಚಾಲಯದ ಬಾಗಿಲಿನಲ್ಲಿ ಗಾಲಿಕುರ್ಚಿ ಹಾಯುತ್ತದೆಯೇ ಎಂಬುದನ್ನು ಬಹಳ ಕಡೆ ಯಾರೂ ನೋಡಿರುವುದೇ ಇಲ್ಲ.

ಹುಡುಗಿ ಎಂಟಕ್ಕೆ ಬಂದ್ಲು, ಮದುವೆ ಮಾತು ಶುರುವಾಗಿದೆ. ಓದು ಉಳಿಸೋದು ಹೇಗೆ?

ಕರ್ನಾಟಕದಲ್ಲಿ ಬಾಲ್ಯವಿವಾಹ ನಡೆದ ಕ್ಷಣದಿಂದಲೇ ಅಸಿಂಧು, ಬೇರೆ ಹಲವು ರಾಜ್ಯಗಳಂತೆ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕಿಲ್ಲ. 1098ಕ್ಕೆ ಸುದ್ದಿ ಮುಟ್ಟಿಸುವುದು ಮೊದಲ ಹೆಜ್ಜೆ. ಮದುವೆ ತಡೆದು ಹುಡುಗಿಯನ್ನು ಅದೇ ಮನೆಯಲ್ಲಿ ಬಿಟ್ಟರೆ ಮುಂದಿನ ತಿಂಗಳು ಇನ್ನೊಂದು ಊರಲ್ಲಿ ಮುಗಿಸುತ್ತಾರೆ. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಅಥವಾ ಬಾಲಕಿಯರ ಹಾಸ್ಟೆಲ್‌ನಲ್ಲಿ ಸೀಟು ಹುಡುಕುವ ಕೆಲಸ ಜೊತೆಜೊತೆಗೇ ನಡೆಯಬೇಕು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ 6ನೇ ತರಗತಿಗೇ ಪ್ರವೇಶ ಪರೀಕ್ಷೆ ಇರುವುದರಿಂದ 5ರಲ್ಲೇ ಅರ್ಜಿ ಹಾಕಿದ್ದರೆ ಅರ್ಧ ಸಮಸ್ಯೆ ಬರುವುದೇ ಇಲ್ಲ.

ಹದಿನಾರಾಯ್ತು, ಒಂಬತ್ತಕ್ಕೇ ಬಿಟ್ಟಿದ್ದ. ಈಗೇನಾದ್ರೂ ದಾರಿ ಇದೆಯಾ?

ಇದೆ. ಎಸ್‌ಎಸ್‌ಎಲ್‌ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕೂರಬಹುದು, ಕರ್ನಾಟಕ ಮುಕ್ತ ಶಾಲೆ ಅಥವಾ ರಾಷ್ಟ್ರೀಯ ಮುಕ್ತ ಶಾಲೆಯಾದ ಎನ್‌ಐಒಎಸ್ ಸೇರಬಹುದು; ಎನ್‌ಐಒಎಸ್ ಹತ್ತನೇ ತರಗತಿಗೆ ಕನಿಷ್ಠ ವಯಸ್ಸು 14. ರಾಜ್ಯದಲ್ಲಿ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯುವುದರಿಂದ ಒಂದೆರಡು ವಿಷಯ ಉಳಿದರೆ ವರ್ಷ ಹಾಳಾಗುವುದಿಲ್ಲ. ಕೂತು ಓದಲು ಜಾಗವಿಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಇದೆ, ಮಕ್ಕಳಿಗೆ ಸದಸ್ಯತ್ವ ಉಚಿತ.

## ದೂರು ಮತ್ತು ಕಾನೂನಿನ ಒಳಸುಳಿ

ಎಲ್ಲಿಗೆ ದೂರು ಕೊಡೋದು? ಬಿಇಒ ಆಫೀಸಿಗೆ ಹೋಗಿ ಹೋಗಿ ಸಾಕಾಯ್ತು.

ಸೆಕ್ಷನ್ 32ರಂತೆ ಲಿಖಿತ ದೂರನ್ನು ಸ್ಥಳೀಯ ಪ್ರಾಧಿಕಾರ ಎರಡೂ ಕಡೆಯವರ ಮಾತು ಕೇಳಿ 3 ತಿಂಗಳೊಳಗೆ ತೀರ್ಮಾನಿಸಬೇಕು. ಆ 3 ತಿಂಗಳು ಎಣಿಸುವುದು ಸ್ವೀಕೃತಿ ಮುದ್ರೆಯ ದಿನದಿಂದ. ಮುದ್ರೆಯಿಲ್ಲದೆ ಹತ್ತು ಸಲ ಹೋಗಿದ್ದರೂ ಒಂದು ಸಲವೂ ಹೋಗಿಲ್ಲವೆಂದೇ ಲೆಕ್ಕ. ಒಂದು ಪ್ರತಿ ಬಿಇಒಗೆ, ಒಂದು ಗ್ರಾಮ ಪಂಚಾಯಿತಿ ಪಿಡಿಒಗೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ.

ಅರ್ಜಿಯಲ್ಲಿ ಒಂದೇ ತೊಂದರೆ ಬರೆಯಿರಿ. ಶೌಚಾಲಯ, ಶಿಕ್ಷಕರು, ಬಿಸಿಯೂಟ ಎಲ್ಲ ಸೇರಿಸಿದರೆ ಬಿಸಿಯೂಟಕ್ಕೆ ಮಾತ್ರ ಉತ್ತರ ಬಂದು ಕಡತ ಮುಚ್ಚುತ್ತದೆ. ಊರಿನದೇ ಸಮಸ್ಯೆಯಾದರೆ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳಿಂದಲೇ ಹೇಳಿಸಿ. ಅದು ನಡಾವಳಿಗೆ ಹತ್ತಿದರೆ ಪಂಚಾಯಿತಿ ಉತ್ತರ ಕೊಡಬೇಕಾಗುತ್ತದೆ.

ನಾವು ಕೇಳಿದ ಶಾಲೆ ‘ಮೈನಾರಿಟಿ, ನಮಗೆ ಆರ್‌ಟಿಇ ಇಲ್ಲ’ ಅನ್ನುತ್ತೆ. ಹೌದಾ?

ಸದ್ಯಕ್ಕೆ ಹೌದು. 2012ರಲ್ಲಿ ಸುಪ್ರೀಂ ಕೋರ್ಟ್ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ಕಾಯ್ದೆಯಿಂದ ಹೊರಗಿಟ್ಟಿತು, 2014ರ ಪ್ರಮತಿ ತೀರ್ಪು ಅನುದಾನಿತ ಅಲ್ಪಸಂಖ್ಯಾತ ಶಾಲೆಗಳನ್ನೂ ಹೊರಗಿಟ್ಟಿತು. 2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಪ್ರಮತಿ ತೀರ್ಪು ಸರಿಯೇ ಎಂದು ಶಂಕಿಸಿ ವಿಸ್ತೃತ ಪೀಠದ ಪರಿಶೀಲನೆಗೆ ಕಳಿಸಿದೆ. ಆದರೆ ಶಾಲೆ ಬಾಯಲ್ಲಿ ಹೇಳಿದರೆ ಸಾಲದು. ಅಲ್ಪಸಂಖ್ಯಾತ ಸಂಸ್ಥೆಯೆಂಬ ಪ್ರಮಾಣಪತ್ರದ ಸಂಖ್ಯೆ ಮತ್ತು ದಿನಾಂಕ ಕೇಳಿ, ಬಿಇಒ ಕಚೇರಿಯ ದಾಖಲೆಯೊಂದಿಗೆ ತಾಳೆ ನೋಡಿ. ವಿನಾಯಿತಿ ಇದ್ದರೂ ಅದು ಈ ಕಾಯ್ದೆಯಿಂದ ಮಾತ್ರ. ಪೋಕ್ಸೊ, ಬಾಲನ್ಯಾಯ, ಬಾಲಕಾರ್ಮಿಕ ಕಾಯ್ದೆಗಳು ಆ ಶಾಲೆಗೂ ಅನ್ವಯಿಸುತ್ತವೆ.